ಮೂರು ಗಾಲಿಯ ಬ್ರೇಕು

ಹೋದ ತಿಂಗಳು ಮೊಮ್ಮಗಳ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಒಂದು ಬೆಳಿಗ್ಗೆ ಕೂಸಿನ ನೆತ್ತಿಗೆ ಹಚ್ಚಲು ಔಡಲ ಎಣ್ಣೆ ಬಿಸಿ ಮಾಡುತ್ತಿದ್ದರು. ಅದೇ ಹೊತ್ತಿಗೆ ಸೂಜಿ ಹಾಕಲು ಬಂದ ನರ್ಸಮ್ಮ ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆದಳು. ಎರಡೂ ವಾಸನೆ ಕೂಡಿ ಮೂಗಿಗೆ ಬಡಿದದ್ದೇ ತಡ, ನಾನು ಎದ್ದು ಅಂಗಳಕ್ಕೆ ಬಂದುಬಿಟ್ಟೆ. ಮುದುಕನಿಗೆ ಈಗಲೂ ಸೂಜಿ ಕಂಡರೆ ಅಂಜಿಕೆ ಎಂದು ಮನೆಯವರೆಲ್ಲ ನಕ್ಕರು. ನಗಲಿ. ಔಡಲ ಎಣ್ಣೆಗೆ ಸ್ಪಿರಿಟ್ ಬೆರೆಸಿ ಗಾಡಿಯ ಬ್ರೇಕಿಗೆ ಹಾಕುತ್ತಿದ್ದ ಕಾಲ ಒಂದಿತ್ತು ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು...

ಹಾಗೆ ಬೆರೆಸುತ್ತಿದ್ದವರು ಒಬ್ಬ ವಯಸ್ಸಾದ ಮಿಸ್ತ್ರಿ. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ರಸ್ತೆಯಲ್ಲಿ, ಕಪನೂರಿನ ಸುತ್ತ ಬರೀ ತೊಗರಿ ಹೊಲಗಳಿದ್ದಾಗ, ಬೇವಿನ ಮರದ ಕೆಳಗೆ ಅವರ ತಗಡಿನ ಶೆಡ್ಡು. ಎಡಗೈಯಲ್ಲಿ ಕೆಲಸ ಮಾಡುವವರು. ಮಾತು ಕಡಿಮೆ. ಗಾಡಿ ಕೊಟ್ಟರೆ ಬೇಗ ವಾಪಸು ಕೊಡುವುದಿಲ್ಲ ಎಂದು ಊರಿನ ಡ್ರೈವರುಗಳೆಲ್ಲ ಬೈದುಕೊಳ್ಳುತ್ತಿದ್ದರು. ಬ್ರೇಕಿನ ಕೆಲಸವಂತೂ ಪೂರ್ತಿ ಮುಗಿಯುವವರೆಗೆ ಕೀಲಿಯನ್ನು ತಮ್ಮ ಜುಬ್ಬದ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು. ಆದರೂ ಬ್ರೇಕು ಎಂದರೆ ಎಲ್ಲರೂ ಅವರಲ್ಲಿಗೇ ಹೋಗಬೇಕಿತ್ತು.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಮೂರು ವರ್ಷ ಕಳೆದಿತ್ತು. ಕಮಲಾಪುರದ ಪಕ್ಕದ ನಮ್ಮ ಊರಲ್ಲಿ ನಮ್ಮದು ಕೆಂಪು ಬಾಳೆಯ ತೋಟ. ಹಣ್ಣನ್ನು ಕಲಬುರಗಿಯ ಪೇಟೆಗೆ ಸಾಗಿಸಲು ನಾನೊಂದು ಹಳೆಯ ಮಿಲಿಟರಿ ಪಿಕಪ್ ಕೊಂಡಿದ್ದೆ. ಯಾರೋ ವ್ಯಾಪಾರಿ ಎರಡು ವರ್ಷ ಗೋದಾಮಿನಲ್ಲಿ ಮುಚ್ಚಿಟ್ಟು, ಆಮೇಲೆ ನೀಲಿ ಬಣ್ಣ ಬಳಿದು ಮಾರಿದ್ದು. ಎಲ್ಲಿಯದು, ಯಾರದು ಎಂದು ನಾನು ಕೇಳಲಿಲ್ಲ. ಆ ವರ್ಷಗಳಲ್ಲಿ ಅಗ್ಗಕ್ಕೆ ಸಿಕ್ಕ ಸಾಮಾನಿನ ಮೂಲವನ್ನು ಯಾರೂ ಕೇಳುತ್ತಿರಲಿಲ್ಲ. ನಾನೇನು ದೊಡ್ಡ ಧರ್ಮರಾಯನೇ?

ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಬ್ರೇಕ್ ಒತ್ತಿದರೆ ಮಾತ್ರ ಬಲಕ್ಕೆ ಎಳೆಯುತ್ತಿತ್ತು, ಪೆಡಲ್ ಕಾಲ ಕೆಳಗೆ ಮೆಲ್ಲಗೆ ಇಳಿಯುತ್ತಿತ್ತು. ಒಂದು ದಿನ ಎದುರಿಗೆ ಬಂದ ಎತ್ತಿನ ಬಂಡಿಗೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿದ ಮೇಲೆ ಚಾಚಾನ ಶೆಡ್ಡಿಗೆ ತಂದು ನಿಲ್ಲಿಸಿದೆ.

ಅವರು ಪಾನಾ, ಸ್ಪ್ಯಾನರು ಯಾವುದನ್ನೂ ಮುಟ್ಟಲೇ ಇಲ್ಲ. ಮೊದಲು ಚಪ್ಪಲಿ ಕಳಚಿ, ಬರಿಗಾಲಿನಲ್ಲಿ ಪೆಡಲ್ ಒತ್ತಿ ಹಿಡಿದು, ಕಣ್ಣು ಮುಚ್ಚಿ ಕೂತರು. ಪೆಡಲ್ ನಿಧಾನ ಇಳಿಯಿತು. ಬೇಗ ಬೇಗ ಒತ್ತಿದರು, ಮೇಲೆದ್ದಿತು. "ಒಳಗಿನ ರಬ್ಬರ್ ಸವದದ. ಅದು ದೊಡ್ಡ ಮಾತಲ್ಲ, ಬೇಟಾ. ಎಳೀತದಲ್ಲ, ಅದನ್ನ ನೋಡಬೇಕು" ಎಂದರು. ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡು ಒಂದು ಮೈಲಿ ಓಡಿಸಿ, ನಡುನಡುವೆ ಬ್ರೇಕ್ ಹಾಕಿ, ಶೆಡ್ಡಿಗೆ ಬಂದು ಇಳಿದರು. ನಾಲ್ಕು ಗಾಲಿಯ ಡ್ರಮ್ಮುಗಳ ಮೇಲೂ ಒಂದೊಂದಾಗಿ ಅಂಗೈ ಇಟ್ಟರು. ಮೂರು ಕಾದಿದ್ದವು. ಎಡಗಡೆಯ ಹಿಂದಿನದು ನೀರಿನ ಮಡಕೆಯಷ್ಟು ತಣ್ಣಗಿತ್ತು.

"ಈ ಗಾಲಿಗೆ ಬ್ರೇಕೇ ಇಲ್ಲ. ಮೂರರ ಮ್ಯಾಲೇ ಹೊಂಟಿ ನೀ" ಎಂದು ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಜಾರಿದರು.

ಬಹಳ ಹೊತ್ತಾಯಿತು. ಅವರು ಹೊರಬರಲಿಲ್ಲ. ನಾನು ಬಗ್ಗಿ ನೋಡಿದೆ. ಅಂಗಾತ ಮಲಗಿದ ಚಾಚಾ ಆ ಗಾಲಿಗೆ ಹೋಗುವ ತಾಮ್ರದ ಸಣ್ಣ ಪೈಪನ್ನು ಹಿಡಿದುಕೊಂಡಿದ್ದರು. ಯಾರೋ ಅದನ್ನು ಮಡಚಿ, ಬಡಿದು, ಮೇಲೆ ತಂತಿ ಸುತ್ತಿದ್ದರು. ಗಾಲಿಯ ಹತ್ತಿರ ಎಣ್ಣೆ ಸೋರುತ್ತಿದ್ದರೆ ಡ್ರೈವರುಗಳು ಹೀಗೆ ಮಾಡುವುದುಂಟು. ಆ ಗಾಲಿಯ ಬ್ರೇಕು ಹೋಗುತ್ತದೆ, ಉಳಿದ ಮೂರಕ್ಕೆ ಎಣ್ಣೆ ಉಳಿಯುತ್ತದೆ. ಅದನ್ನೇ ಹೇಳುತ್ತಾರೆಂದು ನಾನು ಕಾಯುತ್ತಿದ್ದೆ.

"ಈ ಗಾಡಿ ನಿನಗ ಎಲ್ಲಿ ಸಿಕ್ತು?" ಎಂದು ಕೇಳಿದರು. ಕೆಳಗಿನಿಂದ ಬಂದ ಆ ದನಿ ಅವರದೇ ಎಂದು ನನಗೆ ಅನಿಸಲಿಲ್ಲ.

ನಾನು ವ್ಯಾಪಾರಿಯ ವಿಷಯ ಹೇಳಿದೆ. ಅವರು ಹೊರಗೆ ಬಂದು ಬೇವಿನ ಬೊಡ್ಡೆಗೆ ಒರಗಿ ಕೂತರು. "ತಂತಿ ಉಲ್ಟಾ ಸುತ್ತ್ಯಾರ, ನೋಡಿದೇನು? ಎಡಗೈಯವರು ಸುತ್ತೋದು ಹಂಗ. ಅದು ನಾನೇ ಸುತ್ತಿದ್ದು."

ಆಮೇಲೆ ಅವರು ಹೇಳಿದ್ದನ್ನು ನಾನು ನಿಂತೇ ಕೇಳಿದೆ. ಪೊಲೀಸ್ ಆಕ್ಷನ್ ಆದ ವಾರ ಎಲ್ಲ ಕಡೆ ಗಲಾಟೆ. ಮಗಳು ಹುಮನಾಬಾದಿನಲ್ಲಿದ್ದಳು. ಅವಳನ್ನು ಕರೆತರಲು ಒಬ್ಬನೇ ಮಗ ಹೊರಟು ನಿಂತ. ಇದ್ದದ್ದು ಈ ಪಿಕಪ್ ಒಂದೇ, ಅದರ ಹಿಂದಿನ ಗಾಲಿ ಸೋರುತ್ತಿತ್ತು. ಸಾಮಾನು ಸಿಗುವ ಕಾಲವಲ್ಲ. ಚಾಚಾ ಪೈಪು ಮಡಚಿ ತಂತಿ ಸುತ್ತಿ, ಮೂರರ ಮೇಲೆ ಹುಷಾರಾಗಿ ಹೋಗು, ಬಂದಮೇಲೆ ಸರಿ ಮಾಡುತ್ತೇನೆ ಎಂದು ಕಳಿಸಿದ್ದರು. ಮಗ ಬರಲಿಲ್ಲ. ಮಗಳು ಮಾತ್ರ ಬೇರೆಯವರ ಜೊತೆ ಹೈದರಾಬಾದು ಸೇರಿ ಬದುಕಿಕೊಂಡಳು. ತಿಂಗಳ ಮೇಲೆ ಚಾಚಾ ಹುಡುಕುತ್ತಾ ಹೋದಾಗ ಕಮಲಾಪುರದ ಈಚೆಗಿನ ಇಳಿಜಾರಿನ ಹತ್ತಿರ ಒಂದು ಊರಿನ ಹಿರಿಯರು ಹೇಳಿದ್ದರು: ಬ್ರೇಕ್ ಹತ್ತಲಿಲ್ಲ, ಗಾಡಿ ಹಳ್ಳಕ್ಕೆ ಉರುಳಿತು, ಮಳೆಯ ನೀರಿನಲ್ಲಿ ಗಾಡಿಯೂ ಹೋಯಿತು, ಹುಡುಗನೂ ಹೋದ.

"ಮೂರು ವರ್ಷ ಆತು, ನಾನೇ ಕೊಂದೀನಿ ಅಂತ ತಿಳ್ಕೊಂಡೀನಿ" ಎಂದರು.

ಆ ಊರು ನಮ್ಮದು. ಇಳಿಜಾರಿನಲ್ಲಿ ಒಬ್ಬ ಹುಡುಗನ ಕಥೆ ಮುಗಿದದ್ದು ಊರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ಹುಡುಗ ಇವರ ಮಗ ಎಂಬುದು, ಆ ಗಾಡಿ ನಾನು ಕೊಂಡ ಗಾಡಿ ಎಂಬುದು ಆ ಗಳಿಗೆಯವರೆಗೆ ಗೊತ್ತಿರಲಿಲ್ಲ. ಅಲ್ಲಾಹನ ಆಣೆ, ದೇವರ ಆಣೆ, ಗೊತ್ತಿರಲಿಲ್ಲ.

ಚಾಚಾ ಗಾಡಿಯ ಸುತ್ತ ಒಂದು ಸುತ್ತು ಬಂದರು. ಚಾಸಿಯ ಮೇಲೆ ಕೈಯಾಡಿಸಿದರು. ಎಲ್ಲಿಯೂ ತಗ್ಗಿಲ್ಲ, ಬಗ್ಗಿಲ್ಲ, ಬೆಸುಗೆ ಹಾಕಿಲ್ಲ. ಉರುಳಿದ ಗಾಡಿ ಹೀಗಿರುವುದಿಲ್ಲ. "ನಡಿ. ಆ ಇಳಿಜಾರಿಗೆ ಹೋಗಿ ನೋಡೂಣು" ಎಂದರು. ಮೊದಲು ರಿಪೇರಿ ಮಾಡಿ ಆಮೇಲೆ ಹೋಗೋಣ ಚಾಚಾ ಎಂದೆ. "ಮಾಡಿದ ಮ್ಯಾಲ ನೋಡಿ ಏನು ಮಾಡ್ಲಿ? ಹಿಂಗೇ ನೋಡಬೇಕು." ಅರ್ಧ ಕೆಲಸದ ಗಾಡಿಯನ್ನು ಅವರು ಶೆಡ್ಡಿನಿಂದ ಹೊರಗೆ ತೆಗೆದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಬಿಸಿಲು ಇಳಿಯುವ ಹೊತ್ತಿಗೆ ಇಳಿಜಾರಿನ ನೆತ್ತಿ ಮುಟ್ಟಿದೆವು. ನನ್ನನ್ನು ಕೆಳಗಿಳಿಸಿ, ನೀನು ನಡೆದು ಬಾ ಎಂದರು. ನಾನು ಇಳಿಯಲಿಲ್ಲ. ಅಷ್ಟು ಮರ್ಯಾದೆಯಾದರೂ ನನ್ನಲ್ಲಿತ್ತು. ಚಾಚಾ ಗೇರು ತೆಗೆದು ಗಾಡಿಯನ್ನು ಹಾಗೇ ಬಿಟ್ಟರು. ಗಾಡಿ ಜೋರು ಹಿಡಿಯಿತು, ಗಾಳಿ ಕಿವಿಯಲ್ಲಿ ಸುಂಯ್ ಎಂದಿತು. ಅರ್ಧ ದಾರಿಯಲ್ಲಿ ಬರಿಗಾಲು ಪೆಡಲಿನ ಮೇಲೆ ಬಿತ್ತು. ಪೆಡಲ್ ಇಳಿಯಿತು, ಗಾಡಿ ಬಲಕ್ಕೆ ಎಳೆಯಿತು, ಅವರು ಸ್ಟೇರಿಂಗ್ ಎಡಕ್ಕೆ ಒತ್ತಿ ಹಿಡಿದರು... ನಿಂತಿತು. ಹಳ್ಳಕ್ಕೆ ಇನ್ನೂ ಮೂವತ್ತು ಮಾರು ಇತ್ತು.

"ಈ ಸವದ ರಬ್ಬರಿನ ಮ್ಯಾಲೇ ನಿಂತದ ಅಂದ್ರ, ಅವತ್ತು ನಿಂತೇ ನಿಂತಿರ್ತದ" ಎಂದರು. ಮುಖದ ತುಂಬ ಬೆವರು. ನನ್ನ ಕಡೆ ತಿರುಗಿದರು. "ಬ್ರೇಕ್ ಹತ್ಯಾವ. ಹಂಗಾರ ನನ್ನ ಮಗ ಯಾಕ ಬರಲಿಲ್ಲ? ನೀ ಈ ಕಡೆಯವ. ಏನರ ಕೇಳೀ ಏನು?"

ನಮ್ಮ ಹಾದಿಯಲ್ಲೊಂದು ರೂಢಿಯಿತ್ತು. ತೋಟದವರು ಬಾಳೆಯ ಬುಟ್ಟಿಯನ್ನು ಕಾಲ ಹತ್ತಿರ ಇಟ್ಟುಕೊಂಡು ಕೈ ಎತ್ತಿದರೆ ಯಾವ ಗಾಡಿಯಾದರೂ ನಿಲ್ಲುತ್ತಿತ್ತು. ಬುಟ್ಟಿ ಹೇರಿಕೊಂಡ ಡ್ರೈವರಿಗೆ ಒಂದು ಚಿಪ್ಪು ಹಣ್ಣು. ಅವತ್ತು ಆ ಇಳಿಜಾರಿನಲ್ಲಿ ಬುಟ್ಟಿ ಇಟ್ಟುಕೊಂಡು ಕೈ ಎತ್ತಿ ನಿಂತವನು ನನ್ನ ಕಾಕಾ, ನನ್ನಪ್ಪನ ತಮ್ಮ. "ಕೈ ಮಾಡ್ದೆ, ನಿಂತ" ಎಂದು ಅವನೇ ಮನೆಯಲ್ಲಿ ಹೇಳಿದ್ದ, ಅರ್ಧ ಹೆಮ್ಮೆ, ಅರ್ಧ ಅಂಜಿಕೆ. ಉಳಿದದ್ದನ್ನು ಪೊದೆಯ ಹಿಂದೆ ಕಾಯುತ್ತಿದ್ದವರು ಮಾಡಿದರು. ನಿಜಾಮನ ರಜಾಕಾರರ ದಿನಗಳಲ್ಲಿ ನಮ್ಮ ಊರು ಅನುಭವಿಸಿತ್ತು, ಅದು ಸುಳ್ಳಲ್ಲ. ಆದರೆ ಅಕ್ಕನನ್ನು ಕರೆತರಲು ಹೊರಟ ಆ ಹುಡುಗ ಯಾರಿಗೂ ಏನೂ ಮಾಡಿದವನಲ್ಲ. ಬ್ರೇಕಿನ ಕಥೆ ಕಟ್ಟಿ ಹೇಳಿದ ಹಿರಿಯರಲ್ಲಿ ನನ್ನಪ್ಪನೂ ಒಬ್ಬ.

ಇಷ್ಟೆಲ್ಲ ಗೊತ್ತಿದ್ದ ನಾನು, "ಇಲ್ರಿ ಚಾಚಾ, ನನಗ ಗೊತ್ತಿಲ್ಲ" ಎಂದೆ.

ಅವರು ಗಾಡಿ ತಿರುಗಿಸಿದರು. ಎರಡು ದಿನ ಕೂತು ಹೊಸ ಪೈಪು ಹಾಕಿ, ರಬ್ಬರ್ ಬದಲಿಸಿ, ನಾನು ಪೆಡಲ್ ಒತ್ತಿದಂತೆ ಅವರು ಗಾಲಿಯ ಹತ್ತಿರ ಪೈಪಿನೊಳಗಿನ ಗಾಳಿ ಬಿಟ್ಟು, ನಾಲ್ಕೂ ಗಾಲಿ ಸಮನಾಗಿ ಹಿಡಿಯುವಂತೆ ಮಾಡಿಕೊಟ್ಟರು. ಹೊರಡುವಾಗ ನನ್ನ ತಲೆಯ ಮೇಲೆ ಕೈಯಿಟ್ಟು, "ನನ್ನ ಕೆಲಸ ಕೆಟ್ಟಿರಲಿಲ್ಲ, ಅಷ್ಟು ಗೊತ್ತಾತು ಬೇಟಾ. ನಿನ್ನಿಂದ ಗೊತ್ತಾತು" ಎಂದರು. ಆ ಕೈಯ ಭಾರ ಈಗಲೂ...

ಮುಂದಿನ ಮಳೆಗಾಲದ ಹೊತ್ತಿಗೆ ಶೆಡ್ಡು ಖಾಲಿಯಾಗಿತ್ತು. ಮಗಳ ಹತ್ತಿರ ಹೈದರಾಬಾದಿಗೆ ಹೋದರು ಎಂದು ಪಕ್ಕದ ಹೊಲದವರು ಹೇಳಿದರು. ಅಪ್ಪ ತೀರಿಕೊಂಡ ಮೇಲೆ, ಇನ್ನು ಹೇಳಿಬಿಡಬೇಕು ಎಂದು ಧೈರ್ಯ ಮಾಡಿ ಹುಡುಕಿಕೊಂಡು ಹೋದೆ. ಚಾಚಾ ತೀರಿಹೋಗಿ ವರ್ಷವಾಗಿತ್ತು. ನಾನು ಯಾರೆಂದು ತಿಳಿದ ಮೇಲೆ ಮಗಳು ಬಾಗಿಲು ಪೂರ್ತಿ ತೆರೆದು ಒಳಗೆ ಕರೆದಳು. "ಅಬ್ಬಾ ನಿಮ್ಮನ್ನ ಭಾಳ ನೆನಸ್ತಿದ್ರು. ಕಮಲಾಪುರ ಕಡೆ ಹುಡುಗ ಒಬ್ಬ ನನ್ನ ಎದಿ ಭಾರ ಇಳಿಸ್ಯಾನ ಅಂತಿದ್ರು. ನಮಾಜ್ ಆದ ಮ್ಯಾಲ ನಿಮಗೂ ದುವಾ ಮಾಡ್ತಿದ್ರು." ಆಮೇಲೆ ಚಹಾ ತಂದಿಟ್ಟು, ತಲೆ ತಗ್ಗಿಸಿ ಕೇಳಿದಳು, "ನನ್ನ ತಮ್ಮನ್ನ ಎಲ್ಲಿ ಮಣ್ಣು ಮಾಡ್ಯಾರ ಅಂತ ನಿಮಗೇನರ ಗೊತ್ತೇನ್ರಿ? ಒಂದು ಸಲ ಹೋಗಿ ಫಾತಿಹಾ ಓದಿ ಬರ್ತಿದ್ದೆ."

ಜಾಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಕಾಕಾ, ಅವನು ಆಗ ಬದುಕಿದ್ದ. ಕೇಳಿ ಬಂದು ಹೇಳುತ್ತೇನೆ ಎನ್ನಬಹುದಿತ್ತು. ಚಹಾ ಕುಡಿದು, ಇಲ್ರಿ ಎಂದು ಹೇಳಿ ಎದ್ದು ಬಂದೆ.

ಕಾಕಾ ಹಾಸಿಗೆ ಹಿಡಿದು, ಕೊನೆಗೆ ನನ್ನ ಕೈಯಿಂದಲೇ ನೀರು ಕುಡಿದು ಸತ್ತ. ಆಗಲೂ ನಾನು ಆ ಜಾಗ ಎಲ್ಲಿ ಎಂದು ಕೇಳಲಿಲ್ಲ. ಈಗ ಆ ಇಳಿಜಾರನ್ನು ಕಡಿದು ರಸ್ತೆ ಅಗಲ ಮಾಡಿದ್ದಾರೆ, ಹಳ್ಳದ ಮೇಲೆ ಸೇತುವೆ ಬಂದಿದೆ. ಆ ಮಗಳೂ ಇಲ್ಲ ಎಂದು ಕೇಳಿದೆ. ಎಂಬತ್ತು ದಾಟಿದ ಮೇಲೆ, ಕೇಳಿಸಿಕೊಳ್ಳಬೇಕಾದವರೆಲ್ಲ ಹೋದಮೇಲೆ ಇದನ್ನು ಬರೆಯುತ್ತಿದ್ದೇನೆ. ಚಾಚಾ, ಕೈ ಎತ್ತಿದವನು ನನ್ನ ಕಾಕಾ. ಹುಡುಗ ಎಲ್ಲಿ ಮಲಗಿದ್ದಾನೋ, ಅದನ್ನು ಇನ್ನು ನಾನೂ ಹೇಳಲಾರೆ.