ತಾತನ ತಲೆ, ಮೊಮ್ಮಗಳ ನಿದ್ದೆ

ಕಳೆದ ವಾರವೆಲ್ಲ ನಮ್ಮ ಮನೆಯಲ್ಲಿ ಮಧ್ಯಾಹ್ನ ಎರಡರಿಂದ ಮೂರರವರೆಗೆ ನಿಷೇಧಾಜ್ಞೆ ಜಾರಿಯಲ್ಲಿತ್ತು. ಮಿಕ್ಸಿ ಹಾಕುವಂತಿಲ್ಲ. ಟಿವಿ ಸದ್ದು ಮಾಡುವಂತಿಲ್ಲ. ಅಂಗಳದಲ್ಲಿ ಕಾಯಿ ಸುಲಿಯಲು ಬಂದವರನ್ನೂ ಹಿತ್ತಲಿಗೆ ಕಳಿಸಿದ್ದಾಯಿತು. ನಮ್ಮತ್ತೆಗೆ ಸೀನು ಬಂದರೆ ಸೆರಗು ಬಾಯಿಗೊತ್ತಿಕೊಂಡು ಹೊರಗೆ ಓಡುತ್ತಿದ್ದರು.

ಕಾರಣ? ಮೂರೂವರೆ ವರ್ಷದ ನನ್ನ ಮಗಳು ಇಂಚರ ನಿದ್ದೆ ಮಾಡಬೇಕಿತ್ತು. ಮಾಡಿದಳೇ? ಆ ಮಾತು ಎತ್ತಬೇಡಿ.

ತಿಪಟೂರಿನ ಪ್ಲೇ ಸ್ಕೂಲಿನಿಂದ ವ್ಯಾನು ಅವಳನ್ನು ಒಂದು ಗಂಟೆಗೆ ಬಿಳಿಗೆರೆಯ ನಮ್ಮ ತೋಟದ ಮನೆ ಮುಂದೆ ಇಳಿಸುತ್ತದೆ. ಮೊದಲೆಲ್ಲ ಊಟ ಮಾಡಿ, ಹತ್ತು ನಿಮಿಷ ಹಠ ಮಾಡಿ, ಆಮೇಲೆ ಮಲಗುತ್ತಿದ್ದಳು. ಒಂದು ತಿಂಗಳಿಂದ ಕಣ್ಣೇ ಮುಚ್ಚುತ್ತಿಲ್ಲ. ಸಂಜೆಯಾದರೆ ರಂಪ, ಅಳು. ಬೆಳಿಗ್ಗೆ ಕ್ಲಾಸಿನಲ್ಲಿ ತೂಕಡಿಕೆ. "ಇಂಚರಾಗೆ ನ್ಯಾಪ್ ಆಗ್ತಿಲ್ವಾ ಮೇಡಂ?" ಎಂದು ಮಿಸ್ಸು ವಾಟ್ಸಪ್ಪಿನಲ್ಲಿ ಕೇಳಿದರು. ಅದೂ ಎಲ್ಲ ತಾಯಂದಿರೂ ಇರುವ ಗ್ರೂಪಿನಲ್ಲಿ! (ನನ್ನ ಸ್ವಾರ್ಥವನ್ನೂ ಹೇಳಿಬಿಡುತ್ತೇನೆ. ಈ ಅಂಕಣ ಬರೆಯಲು ನನಗೆ ಸಿಗುವುದು ಅವಳು ಮಲಗುವ ಆ ಒಂದು ಗಂಟೆ ಮಾತ್ರ.)

ಮೊಬೈಲಿನಲ್ಲಿ ಸಲಹೆಗಳಿಗೇನು ಬರವೇ? ಒಬ್ಬಾಕೆ ಕಪ್ಪು ಕರ್ಟನ್ ಹಾಕಿ ಎಂದಳು. ಹಾಕಿದೆ. ಮಗಳು ಅದರ ಹಿಂದೆ ಬಚ್ಚಿಟ್ಟುಕೊಂಡು ಆಟವಾಡಿದಳು. ಇನ್ನೊಬ್ಬಾಕೆ ಮಳೆ ಸುರಿಯುವ ಸದ್ದು ಕೇಳಿಸಿ ಎಂದಳು. ಕೇಳಿಸಿದೆ. ಅತ್ತೆ ಅಂಗಳದಲ್ಲಿ ಒಣಹಾಕಿದ್ದ ಮೆಣಸಿನಕಾಯಿ ಎತ್ತಲು ಓಡಿದರು. ಬೆನ್ನು ತಟ್ಟುತ್ತಾ ಕಥೆ ಹೇಳಿದೆ. ನಾನೇ ನಿದ್ದೆ ಹೋದೆ.

ಅತ್ತೆಗೆ ಇದ್ಯಾವುದರ ಮೇಲೂ ನಂಬಿಕೆಯಿಲ್ಲ. ತಿಂಗಳ ಹಿಂದೆಯೇ ಅವರು ತಮ್ಮ ಅಸ್ತ್ರ ಬಿಟ್ಟಾಗಿತ್ತು. "ಮಧ್ಯಾಹ್ನದೊತ್ತು ಮಲಗ್ದೆ ಇದ್ರೆ ಮರದಿಂದ ಕಾಯಿ ತಲೆ ಮ್ಯಾಲೆ ಬೀಳ್ತದೆ ಕಣವ್ವ!" ನಮ್ಮ ಕಡೆ ಈ ಮಾತು ಕೇಳದೆ ಬೆಳೆದವರು ಯಾರಿದ್ದಾರೆ? ಮನೆಯ ನಾಲ್ಕೂ ಕಡೆ ತೆಂಗಿನ ಮರಗಳೇ ಇರುವಾಗ ಗುಮ್ಮನನ್ನು ಬೇರೆ ಊರಿನಿಂದ ಯಾಕೆ ಕರೆಸಬೇಕು?

ಗುರುವಾರ ಮಧ್ಯಾಹ್ನ ಅವಳ ಪಕ್ಕದಲ್ಲಿ ಕಣ್ಣು ಮುಚ್ಚಿ ಮಲಗಿದ್ದೆ. ಅವಳೂ ಮುಚ್ಚಿದ್ದಳು. ಇಬ್ಬರದೂ ನಾಟಕ. ಹೊರಗೆ ದಬ್ ಎಂದು ಕಾಯಿ ಬಿದ್ದ ಸದ್ದಾಯಿತು. ಇಂಚರ ದಡಕ್ಕನೆ ಎದ್ದಳು. ಕಿಟಕಿಗೆ ಓಡಿ, ಕರ್ಟನ್ ಸರಿಸಿ ನೋಡಿ, ಬಂದು ಮಲಗಿದಳು. ಸ್ವಲ್ಪ ಹೊತ್ತಿಗೆ ಮತ್ತೆ ದಬ್. ಮತ್ತೆ ಎದ್ದಳು.

"ಏನೇ ನೋಡ್ತಿದೀಯ?"

"ತಾತಂಗೆ ಏನೂ ಆಗಿಲ್ವಾ ಅಂತ."

ನಮ್ಮ ಮಾವ ಉಂಡ ಕೂಡಲೇ ಅಂಗಳದ ಮರದ ಕೆಳಗೆ ಹಗ್ಗದ ಮಂಚ ಹಾಕಿಕೊಂಡು ಮಲಗುತ್ತಾರೆ. ಗಾಳಿ ಚೆನ್ನಾಗಿ ಬರುತ್ತದಂತೆ. ಈ ಪುಟ್ಟ ಹುಡುಗಿ ಒಂದು ತಿಂಗಳಿಂದ ಅವರ ತಲೆ ಕಾಯುತ್ತಿದ್ದಳು! ಕರ್ಟನ್ನಿಗೆ ದುಡ್ಡು ಸುರಿದ ನಾನು, ಯಾಕೆ ಮಲಗುತ್ತಿಲ್ಲ ಎಂದು ಅವಳನ್ನೇ ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಾಯಿತು.

ಆದರೂ ಬುದ್ಧಿ ಬರಬೇಕಲ್ಲ? "ತಾತ ಮಲಗಿದಾರಲ್ಲ ಬಂಗಾರ, ಮಲಗಿದೋರ ಮೇಲೆ ಕಾಯಿ ಬೀಳಲ್ಲ" ಎಂದು ಸುಳ್ಳಿಗೆ ತೇಪೆ ಹಾಕಿದೆ.

"ತಾತ ಮಲಗಿದಾರೆ ಅಂತ ಕಾಯಿಗೆ ಹೆಂಗೆ ಗೊತ್ತಾಗುತ್ತೆ?"

ನಿಮ್ಮ ಹತ್ತಿರ ಉತ್ತರವಿದೆಯೇ? ಕೈ ಹಿಡಿದು ಮಾವನ ಬಳಿ ಕರೆದೊಯ್ದೆ.

"ಅಯ್ಯೋ, ನಲವತ್ತು ವರ್ಷದಿಂದ ಇಲ್ಲೇ ಮಲಗ್ತಿದೀನಿ ಕಣಮ್ಮ. ಕಾಯಿಗೆ ಕಣ್ಣಿರ್ತದೆ, ನೋಡ್ಕೊಂಡೇ ಬೀಳ್ತದೆ" ಎಂದರು ಮಾವ, ಮಲಗಿದಲ್ಲಿಂದಲೇ.

"ಕಣ್ಣು ಸಿಪ್ಪೆ ಒಳಗೆ ಇರ್ತದಲ್ಲ ತಾತ, ಹೆಂಗೆ ಕಾಣುತ್ತೆ?"

ಹಿತ್ತಲಿನಿಂದ ನೀರು ಕುಡಿಯಲು ಬಂದಿದ್ದ ಕಾಯಿ ಸುಲಿಯುವವರು ಗೊಳ್ಳೆಂದು ನಕ್ಕರು. ಜೀವಮಾನವಿಡೀ ಕಾಯಿ ಸುಲಿಸಿದ ಮಾವ ಒಮ್ಮೆ ಮರದ ಮೇಲೆ ನೋಡಿದರು, ಒಮ್ಮೆ ಮೊಮ್ಮಗಳನ್ನು ನೋಡಿದರು. ಎದ್ದು ಮಂಚವನ್ನು ಜಗಲಿಗೆ ಎಳೆದರು.

ಐದೇ ನಿಮಿಷ. ಇಂಚರ ಬಾಯಿ ತೆರೆದುಕೊಂಡು ಎರಡು ಗಂಟೆ ಮಲಗಿದಳು. ಗಾಳಿಯಿಲ್ಲದ ಜಗಲಿಯಲ್ಲಿ ಮಾವ ಮಾತ್ರ ಮಗ್ಗುಲು ಬದಲಿಸುತ್ತಲೇ ಇದ್ದರು.

"ನೋಡ್ದಾ? ಹೆದ್ರುಸಿದ್ರೇನೇ ಮಕ್ಳು ಮಲಗೋದು" ಎಂದರು ಅತ್ತೆ. ಪೂರ್ತಿ ಕ್ರೆಡಿಟ್ಟು ಅವರಿಗೇ! ಅದೇ ಹುಮ್ಮಸ್ಸಿನಲ್ಲಿ ಸಂಜೆ ಹಾಲಿನ ಲೋಟ ಹಿಡಿದು, "ಕುಡೀದಿದ್ರೆ ಚಿರತೆ ಬತ್ತದೆ ನೋಡು" ಎಂದುಬಿಟ್ಟರು. ಚಿರತೆ ಎಂದರೆ ನಮ್ಮ ಕಡೆ ಪೂರ್ತಿ ಸುಳ್ಳೂ ಅಲ್ಲ. ಇಂಚರ ಹಾಲು ಕುಡಿಯಲಿಲ್ಲ. "ಕರು ಒಬ್ಬಳೇ ಇದಾಳೆ" ಎನ್ನುತ್ತಾ ಕೊಟ್ಟಿಗೆಗೆ ಓಡಿದಳು.

ಈಗ ಮಧ್ಯಾಹ್ನ ಎರಡೂವರೆ. ಮಗಳು ತಾತನ ಕೋಲು ಹಿಡಿದು ಕೊಟ್ಟಿಗೆ ಬಾಗಿಲಲ್ಲಿ ಕೂತಿದ್ದಾಳೆ. ನಾನು ಅವಳ ಪಕ್ಕದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಒಳಗಿನಿಂದ ಅತ್ತೆಯ ಗೊರಕೆ ಕೇಳಿಸುತ್ತಿದೆ.

ಸುಳ್ಳು ಹೇಳಿದವರಿಗೇನೋ ನಿದ್ದೆ ಬರುತ್ತದೆ; ನಂಬಿದವರಿಗೆ ಹೇಗೆ ಬರಬೇಕು, ಹೇಳಿ?