ಡಬ್ಬದ ಸಾಹೇಬರು
ಆನ್‌ಲೈನ್ ಜೂಜಿನ ದೂರು ಬರೆದುಕೊಳ್ಳುವ ಈ ಸಾಹೇಬರನ್ನು ಕಚೇರಿಯವರೆಲ್ಲ ಕರೆಯುವುದು ಡಬ್ಬದ ಸಾಹೇಬರೆಂದೇ. ಅವರೆದುರು ಬಂದು ಕೂರುವವರಲ್ಲಿ ಒಬ್ಬರೂ ಸ್ವತಃ ಜೂಜಾಡಿದವರಲ್ಲ. ಎಲ್ಲರೂ ಯಾರೋ ಸ್ನೇಹಿತನ ಪರವಾಗಿ ಬಂದ ಪುಣ್ಯಾತ್ಮರು. "ಸ್ನೇಹಿತ ಗೆದ್ದಿದಾನೆ ಸಾರ್, ಸೈಟಿನವ್ನು ದುಡ್ಡು ಕೊಡ್ತಿಲ್ಲ" ಎಂದು ಗೋಳಾಡಿದರೆ, "ಅದು ಕಳ್ಳ ಸೈಟು ಕಣಪ್ಪಾ, ಮುಚ್ಚಿಸೋಕೆ ಬರೀತೀನಿ. ನಾನು ಹೇಳಿದ ತಕ್ಷಣ ದುಡ್ಡು ಕೊಡೋಕೆ ಅವನೇನು ನನ್ನ ಅಳಿಯನಾ?" ಎನ್ನುತ್ತಾ ಮೇಜಿನ ಮೇಲಿನ ತಗಡಿನ ಡಬ್ಬವನ್ನು ಮುಂದೆ ತಳ್ಳುತ್ತಾರೆ. ದೂರು ಮುಗಿಯುವವರೆಗೆ ಮೊಬೈಲು ಅದರೊಳಗೇ ಇರಬೇಕು. ಇಲ್ಲದಿದ್ದರೆ ಬಾಯಲ್ಲಿ ದೂರು ಹೇಳುತ್ತಲೇ ಮೇಜಿನ ಕೆಳಗೆ ಅದೇ ಸೈಟಿನಲ್ಲಿ ಇನ್ನೊಂದಾಟ ಆಡಿಬಿಡುವ ಮಹಾನುಭಾವರಿದ್ದಾರೆ. ಒಬ್ಬನಂತೂ ಸಹಿ ಹಾಕೆಂದರೆ, "ಒಂದ್ನಿಮಿಷ ಸಾರ್, ಈಗ ದುಡ್ಡು ಬರೋ ಹಾಗಿದೆ" ಎಂದಿದ್ದ. "ಬುದ್ಧಿ ಇಲ್ಲದ ಮುಂಡೇವು" ಎಂದು ಸಾಹೇಬರು ದಿನವಿಡೀ ಬೈಯುತ್ತಾರೆ. ಆದರೆ ಬೆಳಗ್ಗೆ ಅವರು ಕುರ್ಚಿಯಲ್ಲಿ ಕೂರುವುದೇ ತಡ, ಕಚೇರಿಯ ಲ್ಯಾಂಡ್‌ಲೈನು ಹೊಡೆದುಕೊಳ್ಳುತ್ತದೆ. ಅತ್ತ ಕಡೆ ಹೆಂಡತಿ. "ಹಾಕಿದ್ರಾ?" "ಹಾಕ್ದೆ ಕಣೇ." "ಸದ್ದೇ ಕೇಳಿಸ್ಲಿಲ್ಲ." ಸಾಹೇಬರು ಜೇಬಿನಿಂದ ತಮ್ಮ ಮೊಬೈಲು ತೆಗೆದು ಡಬ್ಬದೊಳಗೆ ಇಟ್ಟು, ರಿಸೀವರನ್ನು ಅದರ ಹತ್ತಿರ ಹಿಡಿದು, ಮುಚ್ಚಳವನ್ನು ಟಪ್ಪೆಂದು ಮುಚ್ಚುತ್ತಾರೆ.