ಜ್ವರ ತಂಗಿದ್ದ ಜಾಗ

ಆ ಮಳೆಗಾಲದಲ್ಲಿ ಜಗಳೂರಿನ ನಮ್ಮ ಹೈಸ್ಕೂಲಿನಲ್ಲಿ ಒಬ್ಬರ ಹಿಂದೆ ಒಬ್ಬರು ಟೈಫಾಯ್ಡ್ ಬಂದು ಮಲಗಿದರು. ಮೊದಲು ವಿಜ್ಞಾನದ ಮೇಷ್ಟ್ರು, ಸ್ವಲ್ಪ ದಿನ ಕಳೆದ ಮೇಲೆ ಆಫೀಸಿನ ಗುಮಾಸ್ತರು, ಆಮೇಲೆ ಗಣಿತದ ಮೇಡಂ ಅವರ ಮಗಳು. ಆ ಹುಡುಗಿ ನಮ್ಮಲ್ಲೇ ಒಂಬತ್ತನೇ ತರಗತಿ ಓದುತ್ತಿದ್ದಳು. ಅಮ್ಮನ ಜೊತೆ ಸ್ಟಾಫ್ ರೂಮಿನಲ್ಲೇ ಊಟ.

ಗಣಿತದ ಮೇಡಂ ನನ್ನ ಪಕ್ಕದ ಮನೆಯವರೂ ಹೌದು. ನನ್ನ ಗಂಡನಿಗೆ ಹೊನ್ನಾಳಿಯಲ್ಲಿ ಕೆಲಸ, ನಾನು ಜಗಳೂರಿನಲ್ಲಿ ಕನ್ನಡ ಟೀಚರ್. ವಾರವೆಲ್ಲ ಬಾಡಿಗೆ ಮನೆಯಲ್ಲಿ ಒಬ್ಬಳೇ ಇರುತ್ತಿದ್ದ ನನಗೆ ಸಂಜೆಯ ಮಾತು, ಕಾಫಿ ಎಲ್ಲ ಅವರ ಜೊತೆಗೇ.

ಶನಿವಾರ ಬೆಳಗಿನ ಶಾಲೆ. ಅವತ್ತು ಎಲ್ಲರಿಗೂ ಆಗುವಷ್ಟು ಹೆಸರುಬೇಳೆ ಕೋಸಂಬರಿ, ಒಂದು ಕ್ಯಾನು ಮಜ್ಜಿಗೆ ನಾನೇ ತರುತ್ತಿದ್ದೆ. ವರ್ಷಗಳಿಂದ ನಡೆದುಬಂದ ರೂಢಿ. "ಏನೇ ಹೇಳ್ರಿ, ನಿಮ್ಮ ಕೈಗುಣಾನೇ ಬೇರೆ ಬಿಡ್ರಿ ಮೇಡಂ" ಎಂದು ಹೆಡ್‌ಮಾಸ್ಟರು ಡಬ್ಬಿಯ ತಳ ಬಳಿಯುತ್ತಿದ್ದರು. ನನಗೆ ಅದು ಹೆಮ್ಮೆ.

ಜ್ವರ ಮೂರನೆಯವರಿಗೆ ಬಂದಾಗ ಹೆಡ್‌ಮಾಸ್ಟರು ಗಾಬರಿಯಾದರು. ನೀರಿನ ತೊಟ್ಟಿ ತೊಳೆಸಿದರು, ನೀರನ್ನು ಪರೀಕ್ಷೆಗೆ ಕಳಿಸಿದರು. ನೀರಿನಲ್ಲಿ ಏನೂ ಇರಲಿಲ್ಲ. ಆಗ ಆಸ್ಪತ್ರೆಯಿಂದ ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟರ್ ಬಂದರು. ಸ್ಟಾಫ್ ರೂಮಿನಲ್ಲಿ ನಮ್ಮನ್ನೆಲ್ಲ ಕೂರಿಸಿಕೊಂಡು, "ಇದರ ರಿಸರ್ವಾಯರ್ ಎಲ್ಲೈತೆ ಅಂತ ಹುಡುಕಬೇಕ್ರೀ" ಎಂದರು.

ನಾನು ಸುಮ್ಮನಿರಬಾರದೇ? "ರಿಸರ್ವಾಯರ್ ಈ ಊರಾಗೆ ಎಲ್ಲಿಂದ ಬರ್ಬೇಕ್ರೀ ಡಾಕ್ಟ್ರೇ? ಅದು ಬೇಕಂದ್ರೆ ನಮ್ಮ ಸೂಳೆಕೆರೆ ಕಡೆ ಬರ್ರಿ" ಎಂದೆ. ನಾನು ಹುಟ್ಟಿದ್ದು ಚನ್ನಗಿರಿ ತಾಲ್ಲೂಕಿನಲ್ಲಿ, ಆ ಕೆರೆಯ ಅಂಚಿನ ಹಳ್ಳಿಯಲ್ಲಿ. ಎಲ್ಲರೂ ನಕ್ಕರು. ಡಾಕ್ಟರೂ ನಕ್ಕರು.

"ನೀರಿನ ಮಾತಲ್ಲ ಮೇಡಂ. ಒಬ್ಬರಿಗೆ ಜ್ವರ ಬಂದು ಹೋದ ಮೇಲೆ ಇನ್ನೊಬ್ಬರಿಗೆ ಬರೋ ತನಕ ಆ ರೋಗಾಣು ಎಲ್ಲೋ ಒಂದು ಕಡೆ ಬದುಕಿರಬೇಕಲ್ಲ? ಆ ಜಾಗಕ್ಕೆ ನಾವು ರಿಸರ್ವಾಯರ್ ಅಂತೀವಿ. ಟೈಫಾಯ್ಡಿಗೆ ಮನುಷ್ಯರೇ ಆ ಜಾಗ. ಅವರಿಗೆ ಜ್ವರ ಇರಲ್ಲ, ಏನೂ ಇರಲ್ಲ. ಆರಾಮಾಗಿ ಓಡಾಡ್ಕೊಂಡಿರ್ತಾರೆ."

ನನ್ನ ಒಳಗಿನ ಕನ್ನಡ ಟೀಚರ್ ಎದ್ದು ಕೂತಳು. "ಸರಿಯಾಗೈತೆ ನೋಡ್ರಿ. ಆಶಯ ಅಂದ್ರೆ ತಂಗೋ ಜಾಗ ಅಂತಾನೇ ಅರ್ಥ. ನೀರು ತಂಗಿದರೆ ಜಲಾಶಯ. ಮೂತ್ರಾಶಯ, ಗರ್ಭಾಶಯ ಎಲ್ಲ ಹಂಗೇ ಆಗಿದ್ದು" ಎಂದು ಪಾಠ ಶುರುಮಾಡಿದೆ.

"ಪಿತ್ತಾಶಯ ಬಿಟ್ರಿ" ಎಂದರು ಡಾಕ್ಟರ್. "ಟೈಫಾಯ್ಡ್ ಅಡಗಿ ಕೂರೋದು ಅಲ್ಲೇ."

ಮಲ ಪರೀಕ್ಷೆಗೆಂದು ಎಲ್ಲರಿಗೂ ಒಂದೊಂದು ಸಣ್ಣ ಡಬ್ಬಿ ಕೊಟ್ಟು ಹೋದರು. ನಾಚಿಕೆ ಮುಚ್ಚಿಕೊಳ್ಳಲು ನಾವು ಅದನ್ನೂ ತಮಾಷೆ ಮಾಡಿದೆವು.

ಎರಡು ದಿನಕ್ಕೆ ಗಣಿತದ ಮೇಡಂ ಮಗಳಿಗೆ ಹೊಟ್ಟೆನೋವು ತಡೆಯದಾಯಿತು. ದಾವಣಗೆರೆಗೆ ಒಯ್ದಾಗ ಕರುಳು ತೂತಾಗಿದೆ, ತಕ್ಷಣ ಆಪರೇಷನ್ ಆಗಬೇಕು ಎಂದರು. ನಾನು ರಜೆ ಹಾಕಿ ಜೊತೆಗೆ ಹೋದೆ. ಮಗಳು ಒಳಗೆ, ತಾಯಿ ಹೊರಗೆ ಬೆಂಚಿನ ಮೇಲೆ ನೀರೂ ಮುಟ್ಟದೆ ಕೂತಿದ್ದರು. ನಾನು ಕಲಸಿ ಒಯ್ದಿದ್ದ ಮೊಸರನ್ನವನ್ನು ಬಲವಂತ ಮಾಡಿ ಕೈಯಾರೆ ಒಂದೊಂದೇ ತುತ್ತು ತಿನ್ನಿಸಿದೆ. ಹುಡುಗಿ ಉಳಿದಳು.

ನಾನು ಜಗಳೂರಿಗೆ ಮರಳಿದ ಮೇಲೆ ಡಾಕ್ಟರ್ ಫೋನು ಬಂತು. "ಮೇಡಂ, ನಿಮ್ಮದೊಂದು ಇನ್ನೊಂದ್ಸಲ ಕೊಡ್ತೀರಾ?" ಕೊಟ್ಟೆ. ಮತ್ತೊಂದು ಸಲ ಕೇಳಿದರು. ಅದನ್ನೂ ಕೊಟ್ಟೆ. ಆಮೇಲೆ ಆಸ್ಪತ್ರೆಗೆ ಕರೆದು, ಬಾಗಿಲು ಮುಂದಕ್ಕೆ ಮಾಡಿ, ಎದುರಿಗೆ ಕೂರಿಸಿಕೊಂಡರು.

"ಮೂರರಲ್ಲೂ ಬಂದೈತೆ ಮೇಡಂ."

"ಏನು ಬಂದೈತೆ?"

"ರೋಗಾಣು. ಶಾಲೆಯಲ್ಲಿ ಉಳಿದ ಯಾರಲ್ಲೂ ಇಲ್ಲ."

"ನನಗೆ ಜ್ವರಾನೇ ಬಂದಿಲ್ಲವಲ್ರೀ!"

"ಈಗಲ್ಲ. ಚಿಕ್ಕವರಿದ್ದಾಗ?"

ನನಗೆ ಹತ್ತು ವರ್ಷವಿದ್ದಾಗ ಇಪ್ಪತ್ತೊಂದು ದಿನ ಬಿಡದೆ ಜ್ವರದಿಂದ ಮೈ ಕಾದಿತ್ತು. ಬದುಕುವುದಿಲ್ಲ ಎಂದುಕೊಂಡಿದ್ದರಂತೆ. ಎದ್ದಾಗ ತಲೆಗೂದಲೆಲ್ಲ ಉದುರಿತ್ತು. ಅಮ್ಮ ಅದನ್ನು ನಾನು ಗೆದ್ದುಬಂದ ಕಥೆಯಾಗಿ ಹೇಳುತ್ತಿದ್ದಳು. ಅದಾಗಿ ನಲವತ್ತು ವರ್ಷ. ಹೊಟ್ಟೆಯ ಸ್ಕ್ಯಾನ್ ಮಾಡಿಸಿದಾಗ ಪಿತ್ತಾಶಯದಲ್ಲಿ ಕಲ್ಲುಗಳಿದ್ದವು. ಆ ಕಲ್ಲುಗಳ ಮರೆಯಲ್ಲೇ ರೋಗಾಣುಗಳು ಇಷ್ಟು ವರ್ಷ ಉಳಿದಿರಬಹುದು, ಆಗೊಮ್ಮೆ ಈಗೊಮ್ಮೆ ಮಾತ್ರ ಹೊರಬೀಳುತ್ತವೆ ಎಂದರು ಡಾಕ್ಟರ್.

ಹೊರಗೆ ಬಂದು ನಲ್ಲಿಯ ಹತ್ತಿರ ನಿಂತೆ. ಕೈ ಮುಂದೆ ಚಾಚಿ ನೋಡಿಕೊಂಡೆ. ನೋಡುವುದಕ್ಕೆ ಏನೂ ಇರಲಿಲ್ಲ. ಜಗಳೂರಿನಲ್ಲಿ ನೀರಿಗೆ ಬರ. ಕಕ್ಕಸಿಗೆ ಹೋಗಿ ಬಂದು ಕೈ ತೊಳೆಯುವುದನ್ನೂ ಒಂದೇ ಚೆಂಬಿನಲ್ಲಿ ಮುಗಿಸುತ್ತೇನೆ, ಒಂದು ತೊಟ್ಟೂ ಪೋಲು ಮಾಡುವುದಿಲ್ಲ ಎಂದು ಮಕ್ಕಳ ಮುಂದೆ ಜಂಬ ಕೊಚ್ಚುತ್ತಿದ್ದವಳು ನಾನು. ಆ ಕೈಯಲ್ಲೇ ಕೋಸಂಬರಿ ಕಲಸುತ್ತಿದ್ದೆ. ಆಸ್ಪತ್ರೆಯ ಬೆಂಚಿನ ಮೇಲೆ ತಿನ್ನಿಸಿದ ತುತ್ತು ನೆನಪಾಗಿ, ನೀರು ಪೋಲಾಗುವುದನ್ನು ಲೆಕ್ಕಿಸದೆ ನಲ್ಲಿ ಬಿಟ್ಟುಕೊಂಡು ಕೈ ತಿಕ್ಕಿದೆ.

ಗಣಿತದ ಮೇಡಂಗೆ ನಾನೇ ಹೇಳಿದೆ.  ಅವರು, "ನೀವು ಬೇಕಂತ ಮಾಡಿಲ್ಲ. ಅದು ನನಗೆ ಗೊತ್ತೈತೆ. ಆದ್ರೂ ಸ್ವಲ್ಪ ದಿನ ನನ್ನ ಮುಂದೆ ಬರಬ್ಯಾಡ್ರಿ" ಎಂದರು. ಬೇರೆ ಯಾರು ಅಂದಿದ್ದರೂ ಇಷ್ಟು ನಾಟುತ್ತಿರಲಿಲ್ಲ. ನನ್ನ ಕೈಯ ತುತ್ತು ತಿಂದಿದ್ದ ಅವರಿಗೂ ಜ್ವರ ಬರುತ್ತದೇನೋ ಎಂದು ನಾನು ಗೋಡೆಯ ಈಚೆಯಿಂದಲೇ ದಿನವೂ ಕಿವಿಗೊಟ್ಟು ಕಾದೆ. ಬರಲಿಲ್ಲ. ಹುಡುಗಿ ದಸರಾ ರಜೆ ಕಳೆದು ಶಾಲೆಗೆ ಬಂದಳು, ಕಡ್ಡಿಯಂತಾಗಿ. ನನ್ನನ್ನು ಕಂಡು ಎಂದಿನಂತೆ ನಮಸ್ಕಾರ ಮಾಡಿದಳು.

ನನಗೆ ವಾರಗಟ್ಟಲೆ ಮಾತ್ರೆ ಕೊಟ್ಟು, ಆಮೇಲೆ ಪಿತ್ತಾಶಯವನ್ನೇ ತೆಗೆದರು. ತಿಂಗಳುಗಳ ಅಂತರದಲ್ಲಿ ಮೂರು ಸಲ ಪರೀಕ್ಷೆ ಮಾಡಿದರು. ಮೂರೂ ಶುದ್ಧ. "ಇನ್ನು ನೀವು ಅಡುಗೆ ಮಾಡಬಹುದು" ಎಂದರು ಡಾಕ್ಟರ್.

ಆದರೆ ಆಪರೇಷನ್ ಆಗಿ ಮಲಗಿದ್ದ ದಿನಗಳಲ್ಲಿ ನ್ಯಾಮತಿ ನೆನಪಾಗಿತ್ತು. ಜಗಳೂರಿಗೆ ವರ್ಗವಾಗುವ ಮೊದಲು ನಾವು ಅಲ್ಲಿ ಬಾಡಿಗೆಗಿದ್ದೆವು. ಮನೆ ಮಾಲೀಕರ ಇಬ್ಬರು ಮಕ್ಕಳು ಸದಾ ನಮ್ಮ ಅಡುಗೆಮನೆಯಲ್ಲೇ. ಇಬ್ಬರಿಗೂ ಟೈಫಾಯ್ಡ್ ಬಂತು. ಯಾರಿಂದ ಬಂತು ಎಂದು ಮಾತು ಬಂದಾಗ, ಎರಡೂ ಮನೆಯ ಪಾತ್ರೆ ತೊಳೆಯುತ್ತಿದ್ದ ಹೆಂಗಸಿನತ್ತ ಬೆರಳು ತೋರಿಸಿದವಳು ನಾನು. ಆಕೆಯ ಮೇಲೆ ಅನುಮಾನ ಪಡುವುದು ನಮಗೆಲ್ಲ ಬಹಳ ಸುಲಭವಾಗಿತ್ತು. ಬಾಗಿಲಲ್ಲೇ ನಿಲ್ಲಿಸಿ, "ನಿನ್ನ ಕೈಯಿಂದಲೇ ಮಕ್ಕಳಿಗೆ ಜ್ವರ ಬಂದೈತೆ. ನಾಳೆಯಿಂದ ಬರಬ್ಯಾಡ" ಎಂದಿದ್ದೆ. ಓಣಿಯೆಲ್ಲ ಕೇಳಿಸಿಕೊಂಡಿತ್ತು. ಆಮೇಲೆ ಯಾರೂ ಆಕೆಯನ್ನು ಕರೆಯಲಿಲ್ಲ.

ಮೂರನೆಯ ಪರೀಕ್ಷೆಯ ಫಲಿತಾಂಶ ಬಂದ ವಾರವೇ ನ್ಯಾಮತಿಯ ಬಸ್ಸು ಹತ್ತಿದೆ.

ಆಕೆ ಮನೆಯ ಮುಂದೆ ಅಡಿಕೆ ಸುಲಿಯುತ್ತ ಕೂತಿದ್ದಳು. ನನ್ನನ್ನು ಕಂಡು ಎದ್ದು, ಸೆರಗಿನಿಂದ ಕಟ್ಟೆ ಒರೆಸಿ, "ಕೂತ್ಕೊಳ್ರಿ ಟೀಚರಮ್ಮ" ಎಂದಳು. ನಾನು ನಿಂತೇ ಎಲ್ಲ ಹೇಳಿದೆ. ಹೇಳುವಾಗ ನನಗೇ ಅರಿವಿಲ್ಲದೆ 'ನೀವು' ಎನ್ನುತ್ತಿದ್ದೆ.

ಆಕೆ ಕತ್ತಿಯ ಮುಂದಿನಿಂದ ಅಡಿಕೆ ಬುಟ್ಟಿಯನ್ನು ಸರಿಸಿದಳು.

"ಅಂದ್ರೆ ನನ್ನ ಕೈಯಾಗೆ ಏನೂ ಇರ್ಲಿಲ್ಲ?"

"ಇರಲಿಲ್ಲಮ್ಮ."

"ನಾನು ನಿಮ್ಮ ಮಾತು ನಂಬಿದ್ದೆ ಟೀಚರಮ್ಮ. ಓದಿದೋರು ಹೇಳ್ತಾರೆ ಅಂದ್ರೆ ಇರ್ಬೇಕು ಅಂತ. ಅದೇ ವರ್ಷ ಮಗಳು ಬಾಣಂತನಕ್ಕೆ ಬಂದ್ಲು. ಆ ಕೂಸಿಗೆ ಎರಡು ವರ್ಷ ನಾನು ಒಂದು ತುತ್ತು ತಿನ್ನಿಸಿಲ್ಲ. ಎತ್ಕೊಳ್ಳಾಕೂ ಹೆದರ್ಕೆ. ಅಜ್ಜಿ ಯಾಕೆ ಹಿಂಗೆ ಮಾಡ್ತಾಳೆ ಅಂತ ಮಗಳು ಮುನಿಸ್ಕೊಂಡು ಹೋದ್ಲು."

ಇದು ನನಗೆ ಗೊತ್ತಿರಲಿಲ್ಲ. ಆಕೆಯ ಕೆಲಸ ಕಳೆದೆ ಎಂದಷ್ಟೇ ಅಂದುಕೊಂಡು ಬಂದಿದ್ದೆ. ಆಕೆ ಒರೆಸಿದ್ದ ಕಟ್ಟೆಯ ಮೇಲೆ ಕೂತೆ. ಅಳು ಬಂತು.

"ನನ್ನ ಮುಂದೆ ಅತ್ರೆ ಏನ್ ಬಂತ್ರೀ?" ಎಂದಳು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ. "ಅವತ್ತು ಓಣಿಗೆ ಕೇಳಂಗೆ ಹೇಳಿದ್ರಿ. ಇದನ್ನೂ ಓಣಿಗೆ ಹೇಳ್ರಿ."

ಚಪ್ಪಲಿ ಮೆಟ್ಟಿಕೊಂಡು ನಮ್ಮ ಹಳೆಯ ಓಣಿಯ ಕಡೆ ಮುಂದೆ ನಡೆದಳು. ನಾನು ಹಿಂದೆ. ಪ್ರತಿ ಬಾಗಿಲಲ್ಲೂ ಆಕೆಯೇ ಕೂಗಿದಳು: "ಟೀಚರಮ್ಮ ಏನೋ ಹೇಳಾಕೆ ಬಂದಾರೆ, ಕೇಳ್ರಿ." ನಾನು ಹೇಳಿದೆ. ಮಾಲೀಕರ ಹೆಂಡತಿ ಟೀ ತಂದವರು, ಮಾತು ಮುಗಿಯುವಷ್ಟರಲ್ಲಿ ತಟ್ಟೆಯನ್ನು ಹಾಗೇ ಒಳಗೆ ಒಯ್ದರು. ಒಬ್ಬಾಕೆ, "ಅಯ್ಯೋ, ನಾವು ಇವ್ಳನ್ನ ಏನೆಲ್ಲ ಅಂದ್ವಲ್ಲ" ಎಂದು ಬಾಯಿಗೆ ಕೈ ಹಿಡಿದಳು. ಮತ್ತೊಬ್ಬರು ಮಗುವನ್ನು ನನ್ನಿಂದ ದೂರ ಎಳೆದುಕೊಂಡರು.

ಕೊನೆಯ ಮನೆಯಲ್ಲಿ ಒಬ್ಬ ಅಜ್ಜ ಜಗಲಿಯ ಮೇಲೆ ಪೇಪರು ಓದುತ್ತಿದ್ದರು. ಕನ್ನಡಕ ತೆಗೆದು ನಮ್ಮಿಬ್ಬರನ್ನೂ ನೋಡಿ, "ಯಾವ ಜ್ವರ? ಯಾವಾಗಿಂದು?" ಎಂದರು. ಅವರಿಗೆ ಒಂದೂ ನೆನಪಿರಲಿಲ್ಲ. ನಾನು ಆಕೆಯ ಮುಖ ನೋಡಿದೆ.

"ಮರೆತಾರೆ" ಎಂದಳು ಆಕೆ. "ಆದ್ರೂ ಹೇಳ್ರಿ."

ನಾನು ಮೊದಲಿನಿಂದ ಹೇಳಿದೆ.